ರವಿವಾರ ಪೇಟೆಯ ಗೂಗಿ, ನಮ್ಮ ಗದ್ದೆಯ ಇಲಿ

ಮಳೆ, ದರ, ಗೊಬ್ಬರ ಬಿಟ್ಟು ಈ ಸಲ ಗೂಗಿ ಬಗ್ಗೆ ಬರೀತೀನಿ. ಹೆಸರು ನೋಡಿ "ಮುಂಜಾನೆದ್ದು ಏನು ಅಪಶಕುನ ತೆಗದಿಯೋ ಮಾರಾಯ" ಅಂತ ಬಿಟ್ಟು ಹೋಗಬ್ಯಾಡ್ರಿ. ಲೆಕ್ಕ ಕಡೀಗೆ ಭತ್ತಕ್ಕೇ ಬಂದು ನಿಲ್ಲತೈತಿ. ಇದರಾಗ ನನ್ನ ತಪ್ಪೂ ಒಂದು ಐತಿ, ಅದನ್ನೂ ಹೇಳ್ತೀನಿ.

ಡಿಸೆಂಬರ್‌ನಲ್ಲಿ ಹೊಸ ಇಂದ್ರಾಯಣಿ ಅಕ್ಕಿ ಟೆಂಪೋದಾಗ ಹಾಕ್ಕೊಂಡು ಬೆಳಗಾವಿ ರವಿವಾರ ಪೇಟೆಗೆ ಹೋಗಿದ್ದೆ. ನಾನು ಅಕ್ಕಿ ಹಾಕೋ ಅಂಗಡಿ ಹಳೇ ವಾಡೆ. ಮುಂದ ದುಕಾನ, ಹಿಂದ ಗೋದಾಮು, ಮ್ಯಾಲೆ ಕಟ್ಟಿಗೆ ಅಟ್ಟ, ಅದರ ಮ್ಯಾಲೆ ಹಂಚು. ಸಾವಕಾರರಿಗೆ ಎಂಬತ್ತರ ಹತ್ತಿರ ವಯಸ್ಸು. ನಮ್ಮಪ್ಪನ ಕಾಲದಿಂದ ವ್ಯವಹಾರ ಇರೋದರಿಂದ ನಾನು ಅವರಿಗೆ ಕಾಕಾ ಅಂತೀನಿ, ಅವರು ನನಗೆ ತಮ್ಮಾ ಅಂತಾರೆ. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಪೇಟೆಯ ಭಾಷೆ ನಿಮಗೆ ಗೊತ್ತೇ ಇದೆ.

ತೂಕ ಮುಗಿದ ಮೇಲೆ ನನಗೆ ಒಂದಿಷ್ಟು ಖಾಲಿ ಚೀಲ ಬೇಕಾಗಿತ್ತು. ಹಮಾಲರು ಚಹಾಕ್ಕೆ ಹೋಗಿದ್ದರು. ಅಟ್ಟದ ಮ್ಯಾಲೆ ಅದಾವ, ನೀನೇ ಇಳಿಸಿಕೋ ಅಂದರು ಕಾಕಾ. ಏಣಿ ಹತ್ತಿ ತಲೆ ಒಳಗೆ ಹಾಕಿದ್ದೇ ತಡ, ಕತ್ತಲೊಳಗಿಂದ ಬುಸ್ಸ್ ಅಂತು. ಎದೆ ಧಸಕ್ ಅಂದು ಎರಡು ಮೆಟ್ಟಿಲು ಜಾರಿ ಕೆಳಗೆ ಬಂದೆ. ಕಾಕಾ ಗಾದಿ ಮ್ಯಾಲೆ ಕುಂತು ನಗಾಕತ್ತಿದ್ದರು.

"ಹಾವಲ್ಲೋ ತಮ್ಮಾ, ಘುಬಡ. ತತ್ತಿ ಮ್ಯಾಲೆ ಕುಂತೈತಿ. ನಿನಗ ಹೇಳೂದು ಮರತೆ."

ಮೊಬೈಲ್ ಬೆಳಕು ಬೇರೆ ಕಡೆ ತಿರುಗಿಸಿ ಮತ್ತೆ ಹತ್ತಿ ನೋಡಿದೆ. ಮೂಲೆಯಲ್ಲಿ ಬೆಳ್ಳನೆಯ ಮುಖ, ಸೇಬುಹಣ್ಣು ಉದ್ದಕ್ಕೆ ಹೋಳು ಮಾಡಿದಂಗ. ಕರೀ ಕಣ್ಣು ಎರಡು. ಮೈ ಮ್ಯಾಲೆ ಹೊಂಬಣ್ಣದ ಶಾಲು ಹೊದ್ದಂಗ. ಪುಸ್ತಕದಾಗ ಇದಕ್ಕೆ ಕಣಜ ಗೂಬೆ ಅಂತಾರೆ. ನಮ್ಮ ಮರಾಠಿ ಮಂದಿ ಗವ್ಹಾಣಿ ಘುಬಡ ಅಂತಾರೆ. ಗವ್ಹಾಣ ಅಂದರೆ ದನಕ್ಕೆ ಮೇವು ಹಾಕೋ ಗ್ವಾದ್ಲಿ. ಕಣಜವೋ ಗ್ವಾದ್ಲಿಯೋ, ಎರಡೂ ಹೆಸರಿನಾಗ ರೈತನ ಮನಿ ಐತಿ ನೋಡ್ರಿ. ಕಾಡಿನ ಹೆಸರೇ ಇಲ್ಲ.

ಗೂಡು ಅಂತ ಏನೂ ಕಟ್ಟಿರಲಿಲ್ಲ. ಹಲಗೆ ಮೇಲೆ ಹೆಬ್ಬೆರಳು ಗಾತ್ರದ ಕಪ್ಪು ಉಂಡಿಗಳು ರಾಶಿ ಬಿದ್ದಿದ್ದವು, ಅದರ ಮೇಲೇ ತತ್ತಿ. ಹಿಕ್ಕೆ ಅಂದುಕೊಂಡಿದ್ದೆ, ಅಲ್ಲ. ಗೂಗಿ ಇಲಿಯನ್ನ ಇಡಿಯಾಗಿ ನುಂಗಿ, ಕರಗದ ಎಲುಬು ಕೂದಲನ್ನ ಉಂಡಿ ಮಾಡಿ ಬಾಯಿಂದ ಉಗುಳ್ತದೆ. ಏಣಿ ಬುಡದಾಗ ಬಿದ್ದಿದ್ದ ನಾಕು ಉಂಡಿ ಪೇಪರಿನಾಗ ಕಟ್ಟಿಕೊಂಡು ಮನಿಗೆ ತಂದೆ. ಹೆಂಡತಿ ಬೈದಳು, ಅದು ಬಿಡ್ರಿ. ನೀರಿನಾಗ ನೆನೆಹಾಕಿ ಮಗ ಸೂಜಿ ಹಿಡಿದು ಬಿಡಿಸಿದ. ನಾಕು ಉಂಡಿಯೊಳಗೆ ಒಂಬತ್ತು ತಲೆಬುರುಡೆ. ಆರು ಇಲಿ, ಮೂರು ಚಿಚುಂದ್ರಿ. ಹಕ್ಕಿದು ಒಂದೂ ಇಲ್ಲ.

ಯೋಚನೆ ಮಾಡಿ ನೋಡ್ರಿ. ಈ ಹಕ್ಕಿ ಮೂಲದಾಗ ಬಂಡೆಯ ಸಂದು, ಮರದ ಪೊಟರೆಯೊಳಗೆ ಇರೋದು. ಪೇಟೆಯ ಹಳೇ ಅಟ್ಟ ಅದಕ್ಕೆ ಒಂದು ಗವಿ, ಅಷ್ಟೇ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಗೂಗಿ. ಹಗಲು ಪೇಟೆಯೊಳಗೆ ಹ್ಯಾಂಡ್‌ಕಾರ್ಟು, ಟೆಂಪೋ, ಹಮಾಲರ ಕೂಗಾಟ. ಕಾಲಿಡಾಕ ಜಾಗ ಇರೂದಿಲ್ಲ. ರಾತ್ರಿ ಹತ್ತಕ್ಕೆ ಶಟರ್ ಬಿದ್ದ ಮೇಲೆ ಇಡೀ ಓಣಿ ಅದರದ್ದು. ಅದು ಕಣ್ಣಿಗಿಂತ ಕಿವಿಯಿಂದ ಬೇಟೆ ಆಡ್ತದೆ. ಎಡಗಿವಿ ಬಲಗಿವಿ ಒಂದೇ ಎತ್ತರದಾಗ ಇಲ್ಲ, ಹಿಂಗಾಗಿ ಸಪ್ಪಳ ಎಲ್ಲಿಂದ ಬಂತು ಅಂತ ಮೇಲೆ ಕೆಳಗೆ ಎರಡೂ ಲೆಕ್ಕ ಸಿಗ್ತದೆ. ಪೂರ್ತಿ ಕತ್ತಲಿನಾಗೂ ಇಲಿ ಹಿಡಿಯೋ ತಾಕತ್ತು ಐತಿ. ರೆಕ್ಕೆಯ ಅಂಚು ಹಣಿಗೆಯ ಹಲ್ಲಿನಂಗ ಇರೋದರಿಂದ ಹಾರಿದರೆ ಸಪ್ಪಳಾನೇ ಇಲ್ಲ. "ಬೆಕ್ಕು ಸಾಕಿದ್ರ ಹಾಲು ಕೇಳತೈತಿ, ಇದು ಏನೂ ಕೇಳೂದಿಲ್ಲ" ಅಂತಾರೆ ಕಾಕಾ.

ಅವರಿಗೆ ಅದು ಲಕ್ಷ್ಮಿಯ ವಾಹನ. ದೀಪಾವಳಿ ಪೂಜೆಯ ದಿನ ಅಟ್ಟದ ಏಣಿಗೂ ಒಂದು ಹೂವು ಇಡ್ತಾರಂತೆ. ಅದೇ ಹಕ್ಕಿ ನಮ್ಮ ಹಳ್ಳಿಯೊಳಗೆ ಮನಿ ಮೇಲೆ ಕುಂತರೆ ಯಾರೋ ಹೋಗ್ತಾರೆ ಅಂತ ಕಲ್ಲು ಬೀರ್ತೀವಿ. ಪಾಪ, ಅದರ ತಮ್ಮನಂಥ ಸಣ್ಣ ಹಾಲಕ್ಕಿ ನುಡಿದರೆ ಒಳ್ಳೇ ಶಕುನ ಅಂತೀವಿ. ಲಕ್ಷ್ಮಿ ವಾಹನ ಆಗಿರೋದೂ ಪೂರಾ ಪುಣ್ಯ ಅಲ್ಲ. ಅಮಾವಾಸ್ಯೆ ಹತ್ತಿರ ಬಂತಂದರೆ ಇದನ್ನ ಬಲಿ ಕೊಟ್ಟರೆ ರೊಕ್ಕ ಬರ್ತದೆ ಅಂತ ಹುಡುಕೋ ಮಂದಿ ದೇಶದ ತುಂಬ ಅದಾರ. ಕಾಕಾನ ಹತ್ತಿರವೂ ಒಬ್ಬಾತ ಬಂದು ನೋಟಿನ ಕಟ್ಟು ತೋರಿಸಿದ್ದನಂತೆ. ತಕ್ಕಡಿ ಕಲ್ಲು ಕೈಗೆತ್ತಿಕೊಂಡೆ, ಆತ ಓಡಿದ ಅಂತ ಹೇಳಿದರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಗಿ ಹಿಡಿಯೋದು, ಮಾರೋದು ಎರಡೂ ಅಪರಾಧ. ಕಾಕಾಗೆ ಕಾಯ್ದೆ ಗೊತ್ತಿರಲಿಲ್ಲ, ಕಲ್ಲು ಗೊತ್ತಿತ್ತು.

ಊರೊಳಗೆ ಕಾಡುಪ್ರಾಣಿ ಅಂದರೆ ಬೆಳಗಾವಿ ಮಂದಿಗೆ ಮೊದಲು ನೆನಪಾಗೋದು ಆ ಚಿರತೆ. 2022ರ ಆಗಸ್ಟ್ 5ಕ್ಕೆ ಜಾಧವ ನಗರದಾಗ ಕಟ್ಟಡ ಕೆಲಸದವನ ಮೇಲೆ ಎರಗಿತು. ಆಮೇಲೆ ಗಾಲ್ಫ್ ಮೈದಾನದ ಪೊದೆ ಸೇರಿಕೊಂತು. ಸುತ್ತಲಿನ 22 ಶಾಲೆಗೆ ರಜೆ. ಬೋನು ಇಟ್ಟರು, ಕ್ಯಾಮೆರಾ ಇಟ್ಟರು, ಸಕ್ರೆಬೈಲಿನಿಂದ ಅರ್ಜುನ, ಆಲೆ ಅಂತ ಎರಡು ಆನೆ ತರಿಸಿದರು. ತಿಂಗಳು ಹೊತ್ತು ಹೋಯಿತು, ಚಿರತೆ ಸಿಗಲಿಲ್ಲ. ಆಗ ನಾವು ಚಹಾದಂಗಡಿಯಾಗ ಕುಂತು ನಕ್ಕಿದ್ದೇ ನಕ್ಕಿದ್ದು. ಈಗ ಅನ್ನಿಸ್ತದೆ, ನೂರಾರು ಎಕರೆ ಗಿಡಗಂಟಿ, ತಿನ್ನಾಕ ಬೀದಿನಾಯಿ, ಹಂದಿ. ಅದಕ್ಕೆ ಏನು ಕಡಿಮೆ ಇತ್ತು ಅಲ್ಲಿ? ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಾಗ ವಿದ್ಯಾ ಆತ್ರೇಯ ಅನ್ನೋ ವಿಜ್ಞಾನಿ ಕಬ್ಬಿನ ನಾಡಿನಾಗೇ ಕ್ಯಾಮೆರಾ ಇಟ್ಟು ನೋಡಿದರು. ಸುತ್ತ ಕಾಡೇ ಇಲ್ಲದ ಹೊಲಗಳಲ್ಲಿ ಚಿರತೆ ಸಂಸಾರ ಮಾಡಿಕೊಂಡು ಇದ್ದವು. ಊಟದಾಗ ನಾಯಿದೇ ದೊಡ್ಡ ಪಾಲು. ಹಿಡಿದು ಬೇರೆ ಕಡೆ ಬಿಟ್ಟರೆ ಸಮಸ್ಯೆ ಹೋಗ್ತದೆ ಅಂತ ಜುನ್ನರ ಕಡೆ ಮಾಡಿದ್ದಕ್ಕೆ ಮನುಷ್ಯರ ಮೇಲೆ ದಾಳಿ ಹೆಚ್ಚೇ ಆಯಿತು, ಕಡಿಮೆ ಆಗಲಿಲ್ಲ. ಅಂದರೆ "ಕಾಡು ಬಿಟ್ಟು ಊರಿಗೆ ಬಂತು" ಅನ್ನೋದು ಎಲ್ಲಾ ಸಲ ಖರೆ ಅಲ್ಲ. ಕೆಲವು ಇಲ್ಲೇ ಹುಟ್ಟಿ ಇಲ್ಲೇ ಬೆಳೆದಿರ್ತಾವ. (ನವಿಲು ನಮ್ಮ ಶೇಂಗಾ ಬೀಜ ಕೆದರೂದು ಬೇರೆ ವಿಷಯ. ಅದರ ಮೇಲೆ ನನಗೆ ಇನ್ನೂ ಸಿಟ್ಟು ಐತಿ, ಇನ್ನೊಮ್ಮೆ ಬರೀತೀನಿ.)

ಚಿರತೆ ಸುದ್ದಿ ಟಿವಿಯಾಗ ಬರ್ತದೆ. ಗೂಗಿ ಸತ್ತರೆ ಯಾರಿಗೂ ಗೊತ್ತಾಗೂದಿಲ್ಲ. ಈಗ ನನ್ನ ತಪ್ಪಿಗೆ ಬರ್ತೀನಿ.

ಹೋದ ಮುಂಗಾರಿನಾಗ ಮಲಪ್ರಭಾ ಕಡೆಯ ನಮ್ಮ ಗದ್ದಿಯಾಗ ಇಲಿ ಕಾಟ ಮಿತಿಮೀರಿತ್ತು. ನಿಮಗೂ ಇತ್ತು, ಗೊತ್ತು. ಭತ್ತ ಹೊಡೆ ತುಂಬಿದಾಗಲೇ ಬಂದವು. ದಂಟನ್ನ ಬುಡದ ಹತ್ತಿರ ಓರೆಯಾಗಿ ಕುಡುಗೋಲಿನಿಂದ ಕೊಯ್ದಂಗ ಕತ್ತರಿಸಿ ಹಾಕ್ತಿದ್ದವು. ತಿನ್ನೂದು ಕಡಿಮೆ, ಹಾಳು ಮಾಡೂದು ಹೆಚ್ಚು. ಗದ್ದಿಯ ನಡುವೆ ಬಟ್ಟಲು ಇಟ್ಟಂಗ ಬೋಳು ಬೋಳು. ಬದುವಿನಾಗ ಹೆಗ್ಗಣದ ಬಿಲ, ಬಾಯಿಗೆ ಹೊಸ ಮಣ್ಣಿನ ಗುಡ್ಡೆ. ಅಂಗಡಿಗೆ ಹೋಗಿ ಇಲಿ ಪಾಷಾಣದ ಬಿಲ್ಲೆ ತಂದೆ. ಬ್ರೋಮಾಡಯೋಲೋನ್ ಅಂತ ಬರದಿರ್ತದಲ್ಲ, ಅದು. ಬಿಲದೊಳಗೆ ಹಾಕಿ ಬಾಯಿ ಮುಚ್ಚಬೇಕು ಅಂತ ಪೊಟ್ಟಣದ ಮೇಲೆ ಇತ್ತು. ನಾನು ಓದಲಿಲ್ಲ. ಬದುವಿನ ಉದ್ದಕ್ಕೂ ಚೆಲ್ಲಿಕೊಂತ ಹೋದೆ, ಒಂದಕ್ಕೆ ಎರಡು. ಸಿಟ್ಟು ಬಂದಿತ್ತು.

ಐದಾರು ದಿನಕ್ಕೆ ಇಲಿ ಸತ್ತವು. ಎಂಟನೇ ದಿನ ಮುಂಜಾನೆ ನೀರು ಕಟ್ಟಾಕ ಹೋದಾಗ ಬದುವಿನ ಮೇಲೆ ಗೂಗಿ ಬಿದ್ದಿತ್ತು. ಬೋರಲಾಗಿ, ರೆಕ್ಕೆ ಬಿಚ್ಚಿ. ಕೊಕ್ಕಿನಾಗ ರಕ್ತ. ಎತ್ತಿದರೆ ಹತ್ತಿಯಂಗ ಹಗುರ. ಆಳು ಮಗ "ಹೋಗ್ಲಿ ಬಿಡ್ರಿ ಅಣ್ಣಾ, ಪೀಡೆ ಹೋತು" ಅಂದ. ನಾನೂ ಹೂಂ ಅಂದೆ. ತೆಗ್ಗು ತೋಡಿ ಮುಚ್ಚಿದೆವು.

ನಮ್ಮ ಹೊಲದ ಹಳೇ ಪಂಪಿನ ಮನಿಯಾಗ ಸಂಜೆಯಾದರೆ ಬುಸ್ ಬುಸ್ ಅನ್ನೋ ಸಪ್ಪಳ ಬರ್ತಿತ್ತು. ಹಾವು ಐತಿ ಅಂತ ನಾವು ಯಾರೂ ಆ ಕಡೆ ಹೋಗ್ತಿರಲಿಲ್ಲ. ಗೂಗಿ ಸತ್ತು ವಾರದೊಳಗೆ ಆ ಸಪ್ಪಳ ನಿಂತಿತು. ಹಾವು ಹೋತು ಅಂದುಕೊಂಡೆ. ಡಿಸೆಂಬರ್‌ನಾಗ ಕಾಕಾನ ಅಟ್ಟದ ಬುಸ್ ಕೇಳಿ ಮನಿಗೆ ಬಂದ ಮರುದಿನ ಪಂಪಿನ ಮನಿ ಬಾಗಿಲು ತೆಗೆದೆ. ಮೂರು ಮರಿ ಒಣಗಿ ಬಿದ್ದಿದ್ದವು, ಒಂದು ದೊಡ್ಡದು, ಒಂದು ನಡುವಿಂದು, ಒಂದು ಸಣ್ಣದು. ಗೂಗಿ ಮೊದಲ ತತ್ತಿ ಇಟ್ಟ ದಿನದಿಂದಲೇ ಕಾವು ಕೊಡಾಕ ಶುರು ಮಾಡ್ತದೆ, ಹಂಗಾಗಿ ಮರಿಗಳು ಮೆಟ್ಟಿಲು ಮೆಟ್ಟಿಲಾಗಿ ಇರ್ತಾವ. ಸುತ್ತ ಆ ಕಪ್ಪು ಉಂಡಿಗಳ ರಾಶಿ. ನಮ್ಮ ಗದ್ದಿಯ ಇಲಿಗಳ ಲೆಕ್ಕಪತ್ರ ಅಲ್ಲೇ ಬಿದ್ದಿತ್ತು, ನಾನು ಓದಿರಲಿಲ್ಲ.

ವಿಷದಿಂದಲೇ ಸತ್ತಿತು ಅಂತ ನಾನು ಪರೀಕ್ಷೆ ಮಾಡಿಸಿಲ್ಲ. ಮಾಡಿಸಬೇಕಾಗೂ ಇಲ್ಲ, ಕೊಕ್ಕಿನ ರಕ್ತ ನೋಡೇನಿ. ಈ ಔಷಧ ಹೆಂಗ ಕೆಲಸ ಮಾಡ್ತದೆ ತಿಳಕೊಳ್ರಿ. ಇದು ರಕ್ತ ಹೆಪ್ಪುಗಟ್ಟದಂಗ ಮಾಡ್ತದೆ, ಒಳಗೊಳಗೇ ರಕ್ತ ಸೋರಿ ಜೀವ ಹೋಗ್ತದೆ. ತಿಂದ ಇಲಿ ತಕ್ಷಣ ಸಾಯೂದಿಲ್ಲ, ಮೂರು ನಾಕು ದಿನ, ಕೆಲವು ವಾರದ ತನಕ ಅಡ್ಡಾಡ್ತಾವ. ಅಷ್ಟರಾಗ ಮತ್ತೆ ಮತ್ತೆ ತಿಂದಿರ್ತಾವ. ಕೈಕಾಲು ಸಡಿಲಾಗಿ, ಹಗಲು ರಾತ್ರಿ ತಿಳಿಯದೆ ಬಯಲಿಗೆ ಬರ್ತಾವ. ಅಂಥ ಇಲಿ ಹಿಡಿಯೋದು ಗೂಗಿಗೆ ಭಾಳ ಸಸಾರ. ಇಲಿಯ ಯಕೃತ್ತಿನಾಗ ಉಳಿದ ವಿಷ ಗೂಗಿಯ ಯಕೃತ್ತಿಗೆ ಹೋಗ್ತದೆ, ಅಲ್ಲಿ ತಿಂಗಳುಗಟ್ಟಲೆ ಕುಂತಿರ್ತದೆ. ಬ್ರಿಟನ್ನಿನಾಗ ಸತ್ತ ಕಣಜ ಗೂಬೆಗಳನ್ನ ಕೊಯ್ದು ನೋಡಿದಾಗ ಹತ್ತರಾಗ ಎಂಟಕ್ಕಿಂತ ಹೆಚ್ಚು ಹಕ್ಕಿಯ ಮೈಯಾಗ ಈ ಜಾತಿಯ ವಿಷ ಸಿಕ್ಕಿದೆ. ಎಲ್ಲಾ ಸತ್ತಿದ್ದು ಅದರಿಂದಲೇ ಅಂತಲ್ಲ, ಆದರೆ ಎಲ್ಲಿ ಮುಟ್ಟಿದೆ ನೋಡ್ರಿ. ಜಿಂಕ್ ಫಾಸ್ಫೈಡ್ ಬೇರೆ. ಅದು ಹೊಟ್ಟೆಯೊಳಗೆ ಅನಿಲ ಆಗಿ ಬೇಗ ಕೊಲ್ತದೆ, ಇಲಿಯ ಮೈಯೊಳಗೆ ಹಂಗ ಕೂಡಿಕೊಂತ ಹೋಗೂದಿಲ್ಲ. ಹಂಗಂತ ಅದೇನು ಸಾಧು ಅಲ್ಲ, ನಾಯಿ ಕೋಳಿ ತಿಂದರೆ ಮುಗೀತು. ಮಕ್ಕಳಿರೋ ಮನಿಯಾಗ ಅದನ್ನ ಇಡೂದೇ ಬ್ಯಾಡ.

ಲಾಭ ಆತೇನು ಅಂದರೆ, ಅದೂ ಇಲ್ಲ. ಕೊಯ್ಲಿನ ಹೊತ್ತಿಗೆ ಇಲಿ ಮತ್ತೆ ಬಂದಿದ್ದವು. ಹೆಗ್ಗಣದ ಗಬ್ಬ ಮೂರು ವಾರದ ಮೇಲೆ ಎರಡು ಮೂರು ದಿನ, ಒಂದು ಸಲಕ್ಕೆ ಆರೇಳು ಮರಿ. ಪಕ್ಕದ ಹೊಲದಿಂದ ಬರೋವು ಬೇರೆ. ಗೂಗಿ ವರ್ಷಕ್ಕೆ ಒಂದೆರಡು ಸಲ ಮರಿ ಮಾಡೋದು. ಯಾರು ಮೊದಲು ತಿರುಗಿ ಬರ್ತಾರೆ ಹೇಳ್ರಿ.

ಈ ಮಾತೆಲ್ಲಾ ಕಾಕಾಗೆ ಹೇಳಬೇಕು ಅಂತ ಸಂಕ್ರಾಂತಿ ಎಳ್ಳುಬೆಲ್ಲದ ನೆಪ ಮಾಡಿಕೊಂಡು ಪೇಟೆಗೆ ಹೋದರೆ ಅಲ್ಲಿ ಬೇರೇನೇ ನಡೆದಿತ್ತು. ಮಗ ವಾಡೆ ಕೆಡವಿ ಕಾಂಪ್ಲೆಕ್ಸ್ ಕಟ್ಟಾಕ ಗುತ್ತಿಗೆದಾರನಿಗೆ ಮುಂಗಡ ಕೊಟ್ಟಿದ್ದ. ವಾರದಾಗ ಹಂಚು ಇಳಿಸೋರಿದ್ದರು. ಅಟ್ಟದಾಗ ತತ್ತಿ ಒಡೆದು ನಾಕು ಮರಿ ಆಗಿದ್ದವು, ಕಣ್ಣೂ ಸರಿ ಬಿಟ್ಟಿರಲಿಲ್ಲ.

ಮಗನದ್ದೂ ತಪ್ಪು ಅನ್ನಾಕ ಬರೂದಿಲ್ಲ. ತೊಲೆಗೆ ಗೆದ್ದಲು ಹಿಡಿದಿತ್ತು, ಮಳೆಗಾಲಕ್ಕೆ ಚೀಲ ತೊಯ್ತಿದ್ದವು. ಪೇಟೆಯಾಗ ಹಳೇ ಹಂಚಿನ ಮಾಡು ವರ್ಷ ವರ್ಷಕ್ಕೆ ಕಡಿಮೆ ಆಗಾಕತ್ತಾವ. ಹೊಸ ಸ್ಲ್ಯಾಬಿನ ಕಟ್ಟಡದಾಗ ಇಲಿಗೆ ಪೈಪು, ಗಟಾರ, ಸಂದು ಎಲ್ಲಾ ಸಿಗ್ತಾವ. ಗೂಗಿಗೆ ಒಂದು ಗೂಡೂ ಸಿಗೂದಿಲ್ಲ. ಊರಿಗೆ ಒಗ್ಗಿಕೊಂಡ ಪ್ರಾಣಿ ಅಂತೀವಿ, ಅದು ಒಗ್ಗಿಕೊಂಡಿದ್ದು ನಮ್ಮ ಅಜ್ಜಂದಿರ ಊರಿಗೆ.

ಅವತ್ತು ತಂದೆ ಮಗನ ನಡುವೆ ಮಾತಿಗೆ ಮಾತು ಬೆಳೀತು. ನಾನು ನಡುವೆ ಎಳ್ಳುಬೆಲ್ಲದ ಡಬ್ಬಿ ಹಿಡಕೊಂಡು ನಿಂತಿದ್ದೆ. "ಎರಡು ತಿಂಗಳು ತಡ ಆದ್ರ ಕಬ್ಬಿಣದ ರೇಟು ಏರತೈತಿ ಬಾಬಾ, ಹಕ್ಕಿ ಸಲುವಾಗಿ ಲಕ್ಷ ರೂಪಾಯಿ ಕಳಕೋಳೂದೇನು?" ಅಂದ ಮಗ. ಕಾಕಾ ಭಾಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅರವತ್ತು ವರ್ಷ ಈ ಗೋದಾಮು ಕಾದಾವ. ಪಗಾರ ಕೊಟ್ಟಿಲ್ಲ. ಎರಡು ತಿಂಗಳ ನೋಟೀಸರೆ ಕೊಡಬೇಕೋ ಬ್ಯಾಡೋ?" ಅಂದರು. ಮಗನಿಗೆ ನಗು ಬಂತು, ಅಲ್ಲಿಗೆ ಜಗಳ ಮುಗೀತು. ಮುಂದಿನ ದುಕಾನ ಮೊದಲು ಕೆಡವೂದು, ಹಿಂದಿನ ಗೋದಾಮು ಮಾರ್ಚ್ ತನಕ ಮುಟ್ಟೂದಿಲ್ಲ ಅಂತ ಆಯಿತು. ಗುತ್ತಿಗೆದಾರ ಅದಕ್ಕೂ ಹೆಚ್ಚಿನ ರೊಕ್ಕ ಕೇಳಿದ, ಕೊಟ್ಟರು.

ಸುತ್ತಿಗೆ ಸಪ್ಪಳಕ್ಕೆ ತಾಯಿ ತಂದೆ ಬಿಟ್ಟು ಹೋಗ್ತಾವೇನೋ ಅಂತ ನನಗೆ ಹೆದರಿಕೆ ಇತ್ತು. ಹೋಗಲಿಲ್ಲ. ಸಣ್ಣ ಮರಿ ಉಳಿಯಲಿಲ್ಲ. ಉಳಿದ ಮೂರು ಹೋಳಿ ಹುಣ್ಣಿವಿ ಮುಂದಿನ ವಾರ ಒಂದೊಂದಾಗಿ ಹಾರಿದವು ಅಂತ ಕಾಕಾ ಫೋನ್ ಮಾಡಿ ಹೇಳಿದರು. ಯುಗಾದಿ ಆದಮೇಲೆ ಹಂಚು ಇಳಿಸಿದರು. ನಾನು ಹೋಗಿ ನೋಡಲಿಲ್ಲ.

ಅಷ್ಟರಾಗ ನಾನು ಒಂದು ಪೆಟ್ಟಿಗೆ ಮಾಡಿಸಿದ್ದೆ. ಗೂಗಿಗೆ ಪೆಟ್ಟಿಗೆ ಇಡೂದು ನನ್ನ ಹುಚ್ಚಲ್ಲ. ಮಲೇಷ್ಯಾದ ತಾಳೆ ತೋಟ, ಭತ್ತದ ಗದ್ದೆಯಾಗ ಬಹಳ ವರ್ಷದಿಂದ ಮಾಡ್ತಾರೆ. ಇಸ್ರೇಲಿನಾಗ 1983ರಲ್ಲಿ ಶುರು ಮಾಡಿ ಆಮೇಲೆ ಪಕ್ಕದ ಜೋರ್ಡಾನ್ ರೈತರೂ ಸೇರಿಕೊಂಡರು. ಗಡಿಯ ಆಚೀಚೆ ಜಗಳ ಇದ್ದರೂ ಗೂಗಿ ಮಾತ್ರ ಎರಡೂ ಕಡೆ ಇಲಿ ಹಿಡೀತದೆ. ಬೆಳಗಾವಿಯವರಿಗೆ ಗಡಿಯ ಬಗ್ಗೆ ಹೆಚ್ಚು ಹೇಳೂದು ಬ್ಯಾಡ. ನಮ್ಮ ಲಕ್ಷದ್ವೀಪದ ಕವರತ್ತಿಗೂ ತೆಂಗಿನ ಇಲಿ ಕಾಟಕ್ಕೆ ಕೇರಳದಿಂದ ಇದೇ ಗೂಗಿ ತಂದು ಬಿಟ್ಟು ನೋಡ್ಯಾರ.

ನನ್ನ ಪೆಟ್ಟಿಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಾಗಿಲು ಅರ್ಧ ಅಡಿ. ಬಾಗಿಲಿನ ಒಳಗೆ ಅಡ್ಡ ಹಲಗೆ ಒಂದು, ಬೆಳಕು ನೇರ ಒಳಗೆ ಬೀಳಬಾರದು. ಹಳೇ ಪ್ಲೈವುಡ್, ಮ್ಯಾಲೆ ತಗಡು. ನಮ್ಮ ಮಳಿಗೆ ಇಳಿಜಾರು ಚೆನ್ನಾಗಿ ಬೇಕು. ಮುಖ ಮಳೆ ಹೊಡೆಯೋ ಪಡುವಣ ದಿಕ್ಕಿಗೆ ಇರಬಾರದು. ಹದಿನಾಲ್ಕು ಅಡಿ ಕಂಬದ ಮೇಲೆ ಇಟ್ಟೇನಿ, ಕಂಬಕ್ಕೆ ತಗಡು ಸುತ್ತೇನಿ, ಬೆಕ್ಕು ಹಾವು ಹತ್ತಬಾರದು ಅಂತ. ಗದ್ದಿಯ ನಡುವೆ ಇಂಗ್ಲಿಷ್ ಟಿ ಆಕಾರದ ಕಟ್ಟಿಗೆ ನಾಕು ಕಡೆ ನೆಟ್ಟರೆ ರಾತ್ರಿ ಕುಂತು ಬೇಟೆ ಆಡಾಕ ಅನುಕೂಲ. ಹಗಲು ಅದರ ಮೇಲೆ ಕಾಜಾಣ ಕುಂತು ಹುಳ ಹಿಡೀತದೆ. ತೆನೆ ಕಾಳು ಕಟ್ಟೋ ಹೊತ್ತಿಗೆ ಮಾತ್ರ ತೆಗೀರಿ, ಇಲ್ಲಾಂದ್ರ ಗಿಳಿ ಬಂದು ಕುಂತು ಊಟ ಮಾಡ್ತಾವ.

ಗೂಗಿ ಬಂದೈತೇನು ಅಂತ ಕೇಳ್ತೀರಿ. ಖರೆ ಹೇಳಬೇಕಂದ್ರ, ಏಪ್ರಿಲ್‌ನಾಗ ಪೆಟ್ಟಿಗೆಯೊಳಗೆ ಗೊರವಂಕ ಸಂಸಾರ ಹೂಡಿತು. ಊರ ಮಂದಿ ನಕ್ಕರು, ನಾನೂ ನಕ್ಕೆ. ಮೊನ್ನೆ ಮರಿ ಹಾರಿದ ಮೇಲೆ ಕಸ ತೆಗೆದು ಸ್ವಚ್ಛ ಮಾಡೇನಿ. ಹೋದ ಶುಕ್ರವಾರ ಮುಂಜಾನೆ ನೋಡಿದರೆ ಟಿ ಕಟ್ಟಿಗೆಯೊಂದರ ಮೇಲಿಂದ ಕೆಳಗಿನ ತನಕ ಸುಣ್ಣ ಸುರಿದಂಗ ಬಿಳೀ ಹಿಕ್ಕೆ ಇಳಿದಿತ್ತು. ಬುಡದಾಗ ಒಂದು ಕಪ್ಪು ಉಂಡಿ. ಬಿಡಿಸಿ ನೋಡಿದೆ: ಎರಡು ಇಲಿ.

ಈಗ ನಿಮ್ಮ ಹತ್ತಿರ ಒಂದು ಕೆಲಸ ಐತಿ. ಗೂಗಿಗೆ ಸರ್ವೆ ನಂಬರ್ ಗೊತ್ತಿಲ್ಲ. ನನ್ನ ಗದ್ದಿಯಾಗ ವಿಷ ಬಂದ್ ಮಾಡೇನಿ, ಆದರೆ ಅದು ರಾತ್ರಿ ನಿಮ್ಮ ಗದ್ದಿಗೂ ಬರ್ತದೆ. ನಿಮ್ಮಲ್ಲಿ ಬಿಲ್ಲೆ ತಿಂದ ಇಲಿ ಹಿಡಿದರೆ ನನ್ನ ಪೆಟ್ಟಿಗೆ ಖಾಲಿ. ಹಾಕಲೇಬೇಕು ಅನ್ನೋ ಹೊತ್ತು ಬಂದರೆ ಬಿಲದ ಒಳಗೆ ಹಾಕಿ ಬಾಯಿ ಮುಚ್ಚರಿ, ಸತ್ತ ಇಲಿ ದಿನಾ ಆರಿಸಿ ಆಳವಾಗಿ ಹುಗೀರಿ. ಬದುವಿನ ಮ್ಯಾಲೆ ಚೆಲ್ಲಬ್ಯಾಡ್ರಿ, ನಾ ಮಾಡಿದಂಗ.

ಅದಕ್ಕಿಂತ ಮೊದಲು ಇನ್ನೊಂದು ದಾರಿ ಐತಿ. ರೋಹಿಣಿ ಮಳಿಗೆ ಕೂರಿಗೆ ಹೂಡೋ ಮುಂಚೆ ಬದು ಅಗೆದು ಬಿಲ ಒಡೆಯೋದು. ಈಗ ಹೊಲದಾಗ ಬೆಳೆ ಇಲ್ಲ, ಇಲಿ ಎಲ್ಲಾ ಬದುವಿನಾಗೇ ಅದಾವ, ಬಿಲದ ಬಾಯಿ ಕಣ್ಣಿಗೆ ಕಾಣತೈತಿ. ಒಬ್ಬರು ಅಗೆದರೆ ಪಕ್ಕದ ಬದುವಿಗೆ ಓಡ್ತಾವ, ಎಲ್ಲಾರೂ ಒಂದೇ ದಿನ ಅಗೀಬೇಕು. ಅಗೆದ ಮ್ಯಾಲೆ ಬದು ಸಣ್ಣದು ಮಾಡಿ ಕಟ್ಟಿದರೆ ಹೆಗ್ಗಣಕ್ಕೆ ಮತ್ತೆ ಬಿಲ ತೋಡಾಕ ಜಾಗ ಸಾಲೂದಿಲ್ಲ. ಬರೋ ಸೋಮವಾರ ಹೆಂಗೂ ಎತ್ತಿನ ಹೆಗಲಿಗೆ ನೊಗ ಹಾಕೂದಿಲ್ಲ. ಮುಂಜಾನೆ ಆರಕ್ಕೆ ಹಳೇ ಪಂಪಿನ ಮನಿ ಹತ್ತಿರ ಸಲಿಕೆ, ಗುದ್ದಲಿ ತಗೊಂಡು ಬರ್ರಿ. ನಾಯಿ ಇದ್ದವರು ನಾಯಿನೂ ತರ್ರಿ. ಚಹಾ, ಅವಲಕ್ಕಿ ನಮ್ಮ ಮನಿದು.